ಬಿಸಿ ಇದ್ದಾಗ ಮಾತ್ರ ಸ್ಟಾರ್ಟ್ ಆಗಲ್ಲ: ಫ್ಯೂಯಲ್ ಪಂಪ್ ರಿಲೇನಾ, ಪಂಪೇನಾ?

ಕೀ_ಆನ್
ಪೆಟ್ರೋಲ್ ಗಾಡಿ, ಮಲ್ಟಿ ಪಾಯಿಂಟ್ ಇಂಜೆಕ್ಷನ್, ಪಂಪು ಟ್ಯಾಂಕ್ ಒಳಗೆ. ತಣ್ಣಗಿದ್ದಾಗ ಒಂದೇ ಸೆಲ್ಫಿಗೆ ಹಿಡಿಯುತ್ತೆ. ಅರ್ಧ ಗಂಟೆ ಓಡಿಸಿ, ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಸೆಲ್ಫ್ ಜೋರಾಗೇ ತಿರುಗುತ್ತೆ, ಎಂಜಿನ್ ಹಿಡಿಯಲ್ಲ. ಇನ್ನೊಂದು ಅರ್ಧ ಗಂಟೆ ಬಿಟ್ಟರೆ ಏನೂ ಆಗದವರ ಹಾಗೆ ಸ್ಟಾರ್ಟ್.

ಗಮನಿಸಿದ್ದು: ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗಿಂದ ಎರಡು ಸೆಕೆಂಡ್ 'ಗುಂಯ್' ಅನ್ನೋ ಸದ್ದು ಬರುತ್ತಲ್ಲ, ಬಿಸಿ ಇದ್ದಾಗ ಅದು ಬರಲ್ಲ. ಆದರೆ ಫ್ಯೂಸ್ ಬಾಕ್ಸಲ್ಲಿ ಪಂಪಿನ ರಿಲೇ (ಕರೆಂಟಿನಿಂದಲೇ ಓಡೋ ಸ್ವಿಚ್) 'ಟಕ್' ಅನ್ನೋದು ಬೆರಳಿಗೆ ಗೊತ್ತಾಗುತ್ತೆ. ಪಂಪ್ ಫ್ಯೂಸ್ (15 ಆಂಪಿಯರ್) ಸುಟ್ಟಿಲ್ಲ. ಸ್ಕ್ಯಾನರ್‌ನಲ್ಲಿ ದೋಷ ತೋರಿಸೋ ಕೋಡ್ ಯಾವುದೂ ಇಲ್ಲ. ಪಂಪ್ ಬದಲಾಯಿಸಿ ಅನ್ನೋ ಸಲಹೆ ಬಂದಿದೆ. ಟಕ್ ಅಂದ ಮೇಲೆ ರಿಲೇ ಸರಿ ಇದೆ ಅಂತ ತಾನೇ ಅರ್ಥ? ಟ್ಯಾಂಕಿಗೆ ಕೈ ಹಾಕೋ ಮೊದಲು ಏನೇನು ನೋಡಬೇಕು?

ಪಾನಾ_ಪಕ್ಕಡ
ಹಾರ್ನ್ ರಿಲೇ ಕಿತ್ತು ಆ ಜಾಗಕ್ಕೆ ಹಾಕಿ ನೋಡಿ ಗುರು. ಎರಡು ನಿಮಿಷದ ಕೆಲಸ. ಅದಕ್ಕೆ ಇಷ್ಟುದ್ದ ಪೋಸ್ಟ್ ಯಾಕೆ?

ತಂತಿಮಂಡಲ
ಟಕ್ ಅಂದರೆ ರಿಲೇ ಸರಿ ಅಂತಲ್ಲ. ಈ ಒಂದು ತಪ್ಪು ತಿಳಿವಳಿಕೆಯಿಂದ ಎಷ್ಟೋ ಒಳ್ಳೇ ಪಂಪುಗಳು ಗುಜರಿ ಸೇರುತ್ತವೆ.

ರಿಲೇ ಒಳಗೆ ಎರಡು ಬೇರೆ ಬೇರೆ ದಾರಿಗಳಿವೆ. ಒಂದು ಕಾಯಿಲ್, ಇಸಿಯು (ಎಂಜಿನ್ ನಿಯಂತ್ರಿಸೋ ಕಂಪ್ಯೂಟರ್) ಅದಕ್ಕೆ ಕರೆಂಟ್ ಕೊಟ್ಟರೆ ಅಯಸ್ಕಾಂತವಾಗಿ ಒಳಗಿನ ಪಟ್ಟಿಯನ್ನು ಎಳೆಯುತ್ತೆ. ಟಕ್ ಅನ್ನೋದು ಆ ಪಟ್ಟಿ ಬಡಿದ ಸದ್ದು, ಅಷ್ಟೇ. ಇನ್ನೊಂದು ಕಾಂಟ್ಯಾಕ್ಟ್. ಪಂಪಿಗೆ ಹೋಗೋ 5–6 ಆಂಪಿಯರ್ ಹರಿಯೋದು ಅಲ್ಲಿ. ಅದು ಸುಟ್ಟು ಕರಕಲಾಗಿದ್ದರೂ ಟಕ್ ಸದ್ದಿಗೇನೂ ಕೊರತೆ ಇರಲ್ಲ. ಕಾಯಿಲ್ ಓಡಿಸೋಕೆ ಬೇಕಾಗಿದ್ದು ಬರೀ 0.15 ಆಂಪಿಯರ್.

ನಿಮ್ಮ ಲಕ್ಷಣ (ಟಕ್ ಇದೆ, ಗುಂಯ್ ಇಲ್ಲ) ಮೂರೇ ಜಾಗ ತೋರಿಸುತ್ತೆ: ರಿಲೇ ಕಾಂಟ್ಯಾಕ್ಟ್, ಅಲ್ಲಿಂದ ಪಂಪಿನವರೆಗಿನ ವೈರು ಮತ್ತು ಅರ್ತ್, ಇಲ್ಲಾ ಪಂಪು. ಇಸಿಯು, ಇಮೊಬಿಲೈಸರ್ (ಸರಿಯಾದ ಕೀ ಇಲ್ಲದಿದ್ದರೆ ಸ್ಟಾರ್ಟ್ ಆಗೋಕೆ ಬಿಡದ ವ್ಯವಸ್ಥೆ), ಇಗ್ನಿಷನ್ ಸ್ವಿಚ್ ಇವನ್ನೆಲ್ಲ ಸದ್ಯಕ್ಕೆ ಪಕ್ಕಕ್ಕಿಡಬಹುದು. ಟಕ್ ಅಂದಿದ್ದು ಪಂಪ್ ರಿಲೇನೇ ಆಗಿದ್ದರೆ, ಅಷ್ಟೇ. ಪಕ್ಕದಲ್ಲೇ ಕೂತ ಮೇನ್ ರಿಲೇನೂ ಅದೇ ಕ್ಷಣಕ್ಕೆ ಬಡಿಯುತ್ತೆ, ಬೆರಳಿಗೆ ಮೋಸ ಆಗೋದು ಸುಲಭ.

ಸೆನ್ಸರ್_ಸಂಶಯ
ಬಿಸಿ ಆದ ಮೇಲೆ ಸ್ಟಾರ್ಟ್ ಆಗಲ್ಲ, ತಣ್ಣಗಾದರೆ ಆಗುತ್ತೆ ಅಂದರೆ ಕ್ರ್ಯಾಂಕ್ ಪೊಸಿಷನ್ ಸೆನ್ಸರ್ (ಎಂಜಿನ್ ತಿರುಗ್ತಿದೆ ಅಂತ ಇಸಿಯುಗೆ ತಿಳಿಸೋದು). ನೂರಕ್ಕೆ ತೊಂಬತ್ತು ಅದೇ. ರಿಲೇ ಹಿಂದೆ ಬಿದ್ದು ಟೈಮ್ ವೇಸ್ಟ್ ಮಾಡಬೇಡಿ.

ತಂತಿಮಂಡಲ
@ಸೆನ್ಸರ್_ಸಂಶಯ, ಲಕ್ಷಣ ಒಂದೇ ಥರ ಕಾಣುತ್ತೆ, ಒಪ್ಪಿದೆ. ಆದರೆ ಪೋಸ್ಟ್ ಪೂರ್ತಿ ಓದಿ. ಕೀ ಆನ್ ಮಾಡಿದ ಕೂಡಲೇ ಬರೋ ಆ ಎರಡು ಸೆಕೆಂಡಿನ ಪ್ರೈಮಿಂಗ್‌ಗೆ ಕ್ರ್ಯಾಂಕ್ ಸಿಗ್ನಲ್ ಬೇಕಾಗಿಲ್ಲ. ಲೈನಲ್ಲಿ ಪ್ರೆಶರ್ ಏರಿಸೋಕೆ ಇಸಿಯು ಸುಮ್ಮನೆ ಓಡಿಸುತ್ತೆ, ಆಮೇಲೆ ಎಂಜಿನ್ ತಿರುಗೋ ಸುದ್ದಿ ಬರದಿದ್ದರೆ ನಿಲ್ಲಿಸುತ್ತೆ. ಸೆನ್ಸರ್ ಸತ್ತಿದ್ದರೆ ಗುಂಯ್ ಬರುತ್ತೆ, ಸೆಲ್ಫ್ ಹೊಡೆಯುವಾಗ ಪಂಪು ನಿಂತಿರುತ್ತೆ, ಆರ್‌ಪಿಎಂ ಮುಳ್ಳು ಸೊನ್ನೆ ಬಿಟ್ಟು ಅಲ್ಲಾಡಲ್ಲ. ಇವರಿಗೆ ಮೊದಲನೇ ಗುಂಯ್ ಸದ್ದೇ ಇಲ್ಲ.

ಸೆನ್ಸರ್_ಸಂಶಯ
ಎಲ್ಲಾ ಗಾಡೀಲೂ ಕೀ ಆನ್ ಮಾಡಿದಾಗ ಪ್ರೈಮ್ ಆಗಲ್ಲ ಸ್ವಾಮಿ. ಕೆಲವದರಲ್ಲಿ ಡ್ರೈವರ್ ಬಾಗಿಲು ತೆಗೆದಾಗಲೇ ಆಗಿಬಿಡುತ್ತೆ, ಕೆಲವದರಲ್ಲಿ ಸೆಲ್ಫ್ ಹೊಡೆದಾಗ ಮಾತ್ರ.

ತಂತಿಮಂಡಲ
ಅದು ನಿಜ. ಆದರೆ ಇವರ ಗಾಡೀಲಿ ತಣ್ಣಗಿದ್ದಾಗ ಬರುತ್ತೆ, ಬಿಸಿ ಇದ್ದಾಗ ಬರಲ್ಲ. ಅದೇ ಗಾಡಿಗೆ ಅದನ್ನೇ ಹೋಲಿಸುತ್ತಿದ್ದೀವಿ.

ಧಾರವಾಡ_ಪೇಢೆ_ಅಲ್ಲ
ಹಾರ್ನ್ ರಿಲೇ ಹಾಕಿ ನೋಡ್ರಿ ಅಂದ್ರಲ್ಲ, ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಹಾಕೂ ಮೊದಲ ಮೂರು ನೋಡ್ಕೋರಿ.

ಮೈಮ್ಯಾಲಿನ ಪಾರ್ಟ್ ನಂಬರ್ ಒಂದ ಇರಬೇಕು. ಇಲ್ಲಾಂದ್ರ ಮೈಮ್ಯಾಲ ಬರದಿರೂ ಸರ್ಕ್ಯೂಟ್ ಚಿತ್ರ ಆದ್ರೂ ಹೊಂದಬೇಕು. ನಾಕ ಪಿನ್ನು ಸಾಕೆಟ್‌ನ್ಯಾಗ ಕುಂತ್ವು ಅಂದ್ರ ಅದು ಅದ ರಿಲೇ ಅಂತ ಅಲ್ರಿ. ಹೊರಗ ಒಂದ ನಮೂನಿ ಕಂಡ್ರೂ 30 ಮತ್ತ 86 ನಂಬರಿನ ಪಿನ್ನು ಅದಲು ಬದಲು ಇರೂ ರಿಲೇ ಬರ್ತಾವ.

ಎರಡನೇದು ವೋಲ್ಟ್. ಲಾರಿ 24 ವೋಲ್ಟಿನ ರಿಲೇ ಮತ್ತ ಕಾರಿನ 12 ವೋಲ್ಟಿನ ರಿಲೇ ಅಣ್ಣತಮ್ಮರಂಗ ಕಾಣ್ತಾವ. 24ರದ್ದು ಕಾರಿಗೆ ಹಾಕಿದ್ರ ಟಕ್ ಅನ್ನೂದ ಇಲ್ಲ. ಮೀಟರ್ ಇದ್ರ ಕಾಯಿಲ್ ಅಳೀರಿ, 12ರದ್ದು 70ರಿಂದ 100 ಓಮ್ ಆಸುಪಾಸು, 24ರದ್ದು 300ರ ಮ್ಯಾಲ ಇರ್ತೈತಿ.

ಮೂರನೇದು ಒಳಗ ಡಯೋಡ್ (ಕರೆಂಟ್ ಒಂದ ದಿಕ್ಕಿಗೆ ಬಿಡೂದು) ಐತೇನು ನೋಡ್ರಿ. ಡಯೋಡ್ ಇದ್ದ ರಿಲೇದಾಗ 85, 86ಕ್ಕ ಪ್ಲಸ್ಸು ಮೈನಸ್ಸು ಇರ್ತೈತಿ. ಉಲ್ಟಾ ಆತಂದ್ರ ಡಯೋಡ್ ನೇರ ಶಾರ್ಟ್. ಫ್ಯೂಸ್ ಹೋದ್ರ ಪುಣ್ಯ, ಇಸಿಯು ಒಳಗಿನ ಟ್ರಾನ್ಸಿಸ್ಟರ್ ಹೋತಂದ್ರ ಅಳಕೋಂತ ಕೂಡಬೇಕು.

ಪಾನಾ_ಪಕ್ಕಡ
ಅಯ್ಯೋ, ಎರಡು ನಿಮಿಷದ ಕೆಲಸ ಅಂದಿದ್ದೆ, ಪಿಎಚ್‌ಡಿ ಮಾಡಿಸ್ತಿದ್ದೀರಿ.

ಕೀ_ಆನ್
30, 85, 86, 87 ಅಂತ ಎಲ್ಲರೂ ಬರೀತಿದ್ದೀರಿ. ನನ್ನ ರಿಲೇ ಮೇಲೆ 1, 2, 3, 5 ಅಂತಿದೆ?

ಬೆಸುಗೆಕೋಲು
30, 85, 86, 87 ಅನ್ನೋದು ಜರ್ಮನ್ ಡಿಐಎನ್ 72552 ಪದ್ಧತಿ. 30 ಅಂದರೆ ಬ್ಯಾಟರಿಯಿಂದ ಬರೋ ಪ್ಲಸ್, 87 ಪಂಪಿಗೆ ಹೋಗೋದು, 86 ಮತ್ತು 85 ಕಾಯಿಲ್‌ನ ಎರಡು ತುದಿ. ಐದು ಪಿನ್ ಇದ್ದರೆ ನಡುವಿನದು 87ಎ, ರಿಲೇ ಎಳೆಯದೆ ಸುಮ್ಮನಿದ್ದಾಗ 30ಕ್ಕೆ ಅಂಟಿಕೊಂಡಿರುತ್ತೆ. ನಿಮ್ಮಂಥ ಚಿಕ್ಕ ರಿಲೇಗಳಲ್ಲಿ ಸಾಮಾನ್ಯವಾಗಿ 1 ಮತ್ತು 2 ಕಾಯಿಲ್, 3 ಮತ್ತು 5 ಕಾಂಟ್ಯಾಕ್ಟ್. ನಂಬರ್ ನಂಬಬೇಡಿ, ಮೇಲಿನ ಚಿತ್ರ ನಂಬಿ. ಚಿತ್ರ ಅಳಿಸಿಹೋಗಿದ್ದರೆ ಮೀಟರ್ ಇಡಿ. ಯಾವ ಜೋಡಿಗೆ 70–100 ಓಮ್ ಬರುತ್ತೋ ಅದು ಕಾಯಿಲ್.

ಕೆಳಗೆ ಪೂರ್ತಿ ಡಿಐಎನ್ ನಂಬರಲ್ಲೇ ಬರೀತೀನಿ, ಅದಲು ಬದಲು ಮಾಡ್ಕೊಳ್ಳಿ.

ಹಳೇಗಾಡಿ_ಹನುಮ
ಕಾರ್ಬುರೇಟರ್ ಕಾಲದಲ್ಲಿ ಇದ್ಯಾವ ರಗಳೆನೂ ಇರಲಿಲ್ಲ. ಕ್ಯಾಮ್ ಶಾಫ್ಟ್ ತಳ್ಳೋದು, ಡಯಾಫ್ರಾಮ್ ಪಂಪ್ ಎಳೆಯೋದು. ರಿಲೇನೂ ಇಲ್ಲ, ಇಸಿಯೂನೂ ಇಲ್ಲ.

ಸೆನ್ಸರ್_ಸಂಶಯ
ಬಿಸಿಲಿಗೆ ಪೆಟ್ರೋಲ್ ಪೈಪಲ್ಲೇ ಆವಿಯಾಗಿ ವೇಪರ್ ಲಾಕ್ ಆಗಿ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕ್ತಿದ್ದರಲ್ಲ, ಅದು ರಗಳೆ ಅಲ್ವಾ ಹನುಮಣ್ಣ?

ಹಳೇಗಾಡಿ_ಹನುಮ
ಒದ್ದೆ ಬಟ್ಟೆಗೆ ಸ್ಕ್ಯಾನರ್ ಬೇಕಾಗಿರಲಿಲ್ಲ.

ಬೆಸುಗೆಕೋಲು
ವಿಷಯಕ್ಕೆ ಬರೋಣ. ತೊಂದರೆ ಬಂದಿರೋ ಹೊತ್ತಿನಲ್ಲೇ ಅಳೆಯಬೇಕು. ತಣ್ಣಗಾದ ಮೇಲೆ ಅಳೆದರೆ ಎಲ್ಲಾ ಸರಿ ಕಾಣುತ್ತೆ. ಗಾಡಿ ಬಿಸಿ ಮಾಡೋಕೆ ಆಗದಿದ್ದರೆ ಬರೀ ರಿಲೇಗೆ ಹೇರ್ ಡ್ರೈಯರ್ ಹಿಡಿದು ಐದು ನಿಮಿಷ ಕಾಯಿಸಿ. ಆಗ ತೊಂದರೆ ಕಾಣಿಸಿಕೊಂಡರೆ ಅರ್ಧ ಕೆಲಸ ಅಲ್ಲೇ ಮುಗೀತು.

ಮೊದಲು ರಿಲೇ ಕಿತ್ತು ಖಾಲಿ ಸಾಕೆಟ್ ನೋಡಿ. 30ರ ತೂತಿನಲ್ಲಿ ಬ್ಯಾಟರಿ ವೋಲ್ಟೇಜೇ ಇರಬೇಕು, 12.4–12.6. ಇಲ್ಲಿ ಮೀಟರ್‌ಗಿಂತ 5 ವ್ಯಾಟಿನ ಬಲ್ಬಿರೋ ಟೆಸ್ಟ್ ಲ್ಯಾಂಪ್ ವಾಸಿ. ಒಂದೇ ಒಂದು ಎಳೆ ಉಳಿದಿರೋ ವೈರಲ್ಲೂ ಮೀಟರ್ 12 ತೋರಿಸುತ್ತೆ, ಬಲ್ಬ್ ಮಾತ್ರ ಮಂಕಾಗುತ್ತೆ. ಆದರೆ ಅದೇ ಬಲ್ಬನ್ನ ಕಾಯಿಲ್ ಕಡೆ, ಅಂದರೆ ಇಸಿಯು ನಿಯಂತ್ರಿಸೋ ಪಿನ್ನಿಗೆ ಹಿಡಿಯಬೇಡಿ. 5 ವ್ಯಾಟ್ ಅಂದರೆ 0.4 ಆಂಪಿಯರ್, ರಿಲೇ ಕಾಯಿಲ್‌ಗಿಂತ ಎರಡು ಮೂರು ಪಟ್ಟು. ಅಲ್ಲಿ ಮೀಟರ್ ಅಥವಾ ಎಲ್‌ಇಡಿ ಲ್ಯಾಂಪ್ ಮಾತ್ರ. 85 ಮತ್ತು 86ರ ನಡುವೆ ಮೀಟರ್ ಇಟ್ಟು ಇನ್ನೊಬ್ಬರಿಗೆ ಕೀ ಆನ್ ಮಾಡೋಕೆ ಹೇಳಿ. ಎರಡು ಸೆಕೆಂಡ್ 12 ವೋಲ್ಟ್ ಬಂದು ಹೋದರೆ ಇಸಿಯು ತನ್ನ ಕೆಲಸ ಮಾಡಿದೆ.

ಆಮೇಲೆ ಮೀಟರನ್ನ 10 ಆಂಪಿಯರ್ ಡಿಸಿಗೆ ಹಾಕಿ, ಕೆಂಪು ವೈರನ್ನ ಮೀಟರಿನ 10ಎ ತೂತಿಗೆ ಬದಲಾಯಿಸಿ, ಎರಡು ತುದಿಗಳನ್ನ ಸಾಕೆಟ್‌ನ 30 ಮತ್ತು 87ಕ್ಕೆ ಕೊಡಿ. ಈಗ ಮೀಟರೇ ರಿಲೇ ಕಾಂಟ್ಯಾಕ್ಟ್ ಆಯ್ತು. ಪಂಪು ಓಡಬೇಕು, ಎಷ್ಟು ಎಳೀತಿದೆ ಅನ್ನೋದೂ ಗೊತ್ತಾಗುತ್ತೆ. ಇಂಥ ಗಾಡಿಗಳಲ್ಲಿ 4ರಿಂದ 7 ಆಂಪಿಯರ್ ಆರೋಗ್ಯದ ಲಕ್ಷಣ. 9–10 ಎಳೆದರೆ ಫಿಲ್ಟರ್ ಕಟ್ಟಿದೆ ಅಥವಾ ಪಂಪಿಗೆ ವಯಸ್ಸಾಗಿದೆ. 2 ಆಂಪಿಯರ್ ಅಷ್ಟೇ, ಸದ್ದು ಮಾತ್ರ ಕೀರಲು ಅಂದರೆ ಪೆಟ್ರೋಲ್ ಇಲ್ಲದೆ ಖಾಲಿ ತಿರುಗುತ್ತಿದೆ. ಸೊನ್ನೆ ಅಂದರೆ ವೈರು, ಅರ್ತ್ ಅಥವಾ ಪಂಪಿನ ಬ್ರಷ್. ಹತ್ತು ಸೆಕೆಂಡಿಗಿಂತ ಜಾಸ್ತಿ ಹಿಡಿಯಬೇಡಿ.

ಚಿಕ್ಕಫ್ಯೂಸ್
ಅಳತೆ ಮುಗಿದ ಮೇಲೆ ಕೆಂಪು ವೈರನ್ನ ವೋಲ್ಟ್ ತೂತಿಗೆ ವಾಪಸ್ ಹಾಕೋದು ಮರೀಬೇಡಿ!! ಆಂಪಿಯರ್ ತೂತಲ್ಲೇ ಬಿಟ್ಟು ಬ್ಯಾಟರಿ ವೋಲ್ಟೇಜ್ ನೋಡೋಕೆ ಹೋದರೆ ಮೀಟರ್ ಫ್ಯೂಸ್ ಢಮಾರ್.

ಪಾನಾ_ಪಕ್ಕಡ
ಮೀಟರ್ ಇಲ್ಲದವರು? ಒಂದು ತುಂಡು ವೈರ್ 30ಕ್ಕೂ 87ಕ್ಕೂ ಸಿಕ್ಕಿಸಿದರೆ ಪಂಪ್ ಓಡುತ್ತೆ. ಓಡಿತು ಅಂದರೆ ಪಂಪ್ ಸರಿ, ರಿಲೇ ಡೌಟು. ಓಡಲಿಲ್ಲ ಅಂದರೆ ರಿಲೇ ಬದಲಾಯಿಸಿ ಪ್ರಯೋಜನ ಇಲ್ಲ. ಸಿಂಪಲ್.

ಕರಾವಳಿ_ಕರೆಂಟ್
ವೈರ್ ಹಾಕುವುದಾದರೆ ನಡುವೆ 15 ಆಂಪಿಯರ್ ಫ್ಯೂಸ್ ಇರುವ ವೈರ್ ಹಾಕಿ ಮಾರಾಯ್ರೆ. 30 ಎಂದು ಎಣಿಸಿ ಬೇರೆ ಪಿನ್ನಿಗೆ ಸಿಕ್ಕಿಸಿದರೆ ಪ್ಲಸ್ ನೇರ ಇಸಿಯು ಒಳಗೆ ಹೋಗುವ ಸಾಧ್ಯತೆ ಉಂಟು. ವೈರ್ ದಪ್ಪ ಕನಿಷ್ಠ 1.5 ಚದರ ಮಿಲಿಮೀಟರ್ ಇರಲಿ, ತುದಿಗೆ ಸ್ಪೇಡ್ ಟರ್ಮಿನಲ್ ಇರಲಿ. ಬರೀ ತಾಮ್ರದ ಎಳೆ ಹೊಸೆದು ತುರುಕಿದರೆ ಸಾಕೆಟ್ಟಿನ ಕ್ಲಿಪ್ ಅಗಲ ಆಗಿ ಹೊಸ ತೊಂದರೆ ಶುರು.

ಇನ್ನೊಂದು. ಈ ವೈರ್ ಪರೀಕ್ಷೆಗೆ ಮಾತ್ರ. "ಹೀಗೇ ಓಡಿಸಿಕೊಂಡು ಹೋಗುವ" ಎಂದು ಬಿಡುವವರು ಇದ್ದಾರೆ. ಎಂಜಿನ್ ನಿಂತರೆ ಇಸಿಯು ರಿಲೇ ಬಿಡಿಸಿ ಪಂಪ್ ನಿಲ್ಲಿಸುತ್ತದಲ್ಲ, ಅದು ಅಪಘಾತದ ಹೊತ್ತಿಗೆ ಇರುವ ರಕ್ಷಣೆ. ವೈರ್ ಇದ್ದರೆ ಪೈಪ್ ಒಡೆದರೂ ಪಂಪ್ ಪೆಟ್ರೋಲ್ ಚೆಲ್ಲುತ್ತಲೇ ಇರುತ್ತದೆ.

ನಿರ್ವಾಹಕ
ಮೇಲಿನ ಮಾತು ಎಲ್ಲರ ಗಮನಕ್ಕೆ. ಜಂಪರ್ ವೈರ್ ಹಾಕಿ ಓಡಿಸೋ ಸಲಹೆ ಇಲ್ಲಿ ಯಾರೂ ಕೊಡಬೇಡಿ, ಅಳಿಸಲಾಗುತ್ತೆ. ಪೆಟ್ರೋಲ್ ವಾಸನೆ ಬರ್ತಿದ್ದರೆ ಯಾವ ಪರೀಕ್ಷೆಯೂ ಬೇಡ, ಮೊದಲು ಸೋರಿಕೆ ಹುಡುಕಿ.

ತಂತಿಮಂಡಲ
ಜಂಪರ್ ಹಾಕಿದಾಗ ಓಡಿತು, ಹಾಗಾಗಿ ರಿಲೇ ಕೆಟ್ಟಿದೆ ಅನ್ನೋದೂ ಪೂರ್ತಿ ಸರಿಯಲ್ಲ. ರಿಲೇ ಒಳ್ಳೇದಿದ್ದು, ಸಾಕೆಟ್ ಒಳಗಿನ ಹೆಣ್ಣು ಕ್ಲಿಪ್ ಸಡಿಲ ಆಗಿದ್ದರೂ ಹೀಗೇ ಆಗುತ್ತೆ. ವೈರ್ ತುರುಕಿದಾಗ ಕ್ಲಿಪ್ ಒತ್ತುತ್ತೆ, ಕರೆಂಟ್ ಹರಿಯುತ್ತೆ. ರಿಲೇ ಹಾಕಿದಾಗ ಮತ್ತೆ ಸಡಿಲ.

ತೀರ್ಮಾನ ಮಾಡೋ ಅಳತೆ ಅಂದರೆ ಲೋಡ್ ಮೇಲಿನ ವೋಲ್ಟೇಜ್ ಡ್ರಾಪ್, ಅಂದರೆ ಪಂಪು ಓಡ್ತಿರುವಾಗ ದಾರೀಲೇ ಎಷ್ಟು ವೋಲ್ಟ್ ಕಳೆದುಹೋಗುತ್ತೆ ಅನ್ನೋದು. ರಿಲೇಯನ್ನ ಸಾಕೆಟ್‌ನಿಂದ ಮೂರು ನಾಲ್ಕು ಮಿಲಿಮೀಟರ್ ಮಾತ್ರ ಮೇಲೆತ್ತಿ. ಬ್ಲೇಡುಗಳ (ಚಪ್ಪಟೆ ಪಿನ್ನುಗಳ) ಬುಡ ಕಾಣುತ್ತೆ, ಕೆಳಗೆ ಸಂಪರ್ಕ ಹಾಗೇ ಇರುತ್ತೆ. ಮೀಟರ್ ವೈರುಗಳ ಲೋಹದ ಮುಳ್ಳುಗಳಿಗೆ ತುದಿ ಬಿಟ್ಟು ಟೇಪ್ ಸುತ್ತಿ, ಇಲ್ಲಾಂದರೆ ಪಕ್ಕದ ಬ್ಲೇಡಿಗೆ ತಾಗಿ ಕಿಡಿ ಹಾರುತ್ತೆ. ಒಂದು ಮುಳ್ಳು 30ರ ಬ್ಲೇಡಿಗೆ, ಒಂದು 87ರ ಬ್ಲೇಡಿಗೆ. ಎಂಜಿನ್ ಓಡುತ್ತಿರುವಾಗ 0.1 ವೋಲ್ಟಿನ ಒಳಗೆ ಇದ್ದರೆ ಚೆನ್ನ, 0.2 ದಾಟಿದರೆ ಅನುಮಾನ, 0.5 ಅಂದರೆ ಬದಲಾಯಿಸಿ. ಬ್ಯಾಟರಿ ಪ್ಲಸ್‌ನಿಂದ ಪಂಪಿನ ಕನೆಕ್ಟರ್‌ವರೆಗೆ ಒಟ್ಟು ಅರ್ಧ ವೋಲ್ಟ್ ದಾಟಬಾರದು. ಅರ್ತ್ ಕಡೆ ಬೇರೆ ಅಳೆಯಬೇಕು, ಪಂಪಿನ ಮೈನಸ್‌ನಿಂದ ಬ್ಯಾಟರಿ ಮೈನಸ್‌ಗೆ 0.2ರ ಒಳಗೆ.

ಒಂದೆರಡು ವೋಲ್ಟ್ ತಾನೇ, ಏನಾಗುತ್ತೆ ಅಂತ ಕೇಳ್ತಾರೆ. 6 ಆಂಪಿಯರ್ ಹರಿಯೋ ಜಾಗದಲ್ಲಿ 2 ವೋಲ್ಟ್ ಬಿದ್ದರೆ 12 ವ್ಯಾಟ್ ಶಾಖ. ಸಣ್ಣ ಬೆಸುಗೆಕೋಲಿನಷ್ಟು ಬಿಸಿಯನ್ನ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂಡಿಹಾಕಿದ ಹಾಗೆ.

ಚಿಕ್ಕಫ್ಯೂಸ್
30–87 ನಡುವೆ 0.00 ಬಂದರೆ ರಿಲೇ ಪರ್ಫೆಕ್ಟ್ ಅಂತ ತಾನೇ?

ಬೆಸುಗೆಕೋಲು
ಪಂಪ್ ಓಡ್ತಿದ್ದರೆ ಮಾತ್ರ. ಕರೆಂಟ್ ಹರಿಯದಿದ್ದರೆ ಡ್ರಾಪ್ ಅನ್ನೋದೇ ಇಲ್ಲ. ಪಂಪಿನ ವೈರ್ ಕಟ್ ಆಗಿದ್ದರೂ ಸೊನ್ನೆನೇ ಬರುತ್ತೆ. ಪಂಪ್ ನಿಂತಿದೆ, ರಿಲೇ ಎಳೆದಿದೆ, 30–87 ನಡುವೆ ಹೆಚ್ಚುಕಮ್ಮಿ ಬ್ಯಾಟರಿ ವೋಲ್ಟೇಜೇ ತೋರಿಸ್ತಿದೆ ಅಂದರೆ ಕಾಂಟ್ಯಾಕ್ಟ್ ಕೂಡ್ತಾ ಇಲ್ಲ. ಪಂಪ್ ನಿಂತಿದೆ, ಸೊನ್ನೆ ತೋರಿಸ್ತಿದೆ, 87ರಲ್ಲಿ 12 ವೋಲ್ಟ್ ಇದೆ ಅಂದರೆ ರಿಲೇಯನ್ನ ಬಿಟ್ಟು ಮುಂದೆ ಹೋಗಿ.

ಜಿಪಿಎಸ್_ಬೇಡ
ಯಾರೂ ಹೇಳಲಿಲ್ಲ: ಕಳ್ಳತನ ತಡೆಯೋಕೆ ಅಂತ ಆಮೇಲೆ ಹಾಕಿಸಿದ ಅಲಾರಂ ಅಥವಾ ಜಿಪಿಎಸ್ ಇದ್ಯಾ? ಎಂಜಿನ್ ಕಟ್ ಮಾಡೋ ರಿಲೇನ ಬಹಳ ಸಲ ಪಂಪಿನ ವೈರ್ ಮಧ್ಯೆ ಕತ್ತರಿಸಿ ಹಾಕಿರ್ತಾರೆ, ಡ್ಯಾಶ್‌ಬೋರ್ಡ್ ಕೆಳಗೆ, ಬೆಸುಗೆ ಇಲ್ಲ, ತಿರುಚಿ ಟೇಪ್. ಅದಕ್ಕೆ ಫ್ಯೂಸ್ ಬಾಕ್ಸಿನ ಚಿತ್ರದಲ್ಲಿ ಜಾಗವೇ ಇರಲ್ಲ. ಒರಿಜಿನಲ್ ರಿಲೇ ನಾಲ್ಕು ಸಲ ಬದಲಾಯಿಸಿದರೂ ಗುಣ ಆಗಲ್ಲ.

ಗ್ಯಾಸ್ ಕಿಟ್ ಇರೋ ಗಾಡೀಲೂ ಕೆಲವು ಕಡೆ ಗ್ಯಾಸ್ ಮೇಲೆ ಓಡುವಾಗ ಪೆಟ್ರೋಲ್ ಪಂಪ್ ನಿಲ್ಲಿಸೋಕೆ ಒಂದು ಹೆಚ್ಚುವರಿ ರಿಲೇ ಇರುತ್ತೆ.

ಧಾರವಾಡ_ಪೇಢೆ_ಅಲ್ಲ
ಖರೇ ಮಾತು. ಕೆಲವು ಕಂಪನಿ ಗಾಡ್ಯಾಗ ಇನರ್ಶಿಯಾ ಸ್ವಿಚ್ ಸುದ್ದಾ ಇರ್ತೈತ್ರಿ. ಜೋರ್ ಹೊಡೆತ ಬಿದ್ರ ಪಂಪ್ ಬಂದ್ ಮಾಡ್ತೈತಿ. ಮ್ಯಾಲಿನ ಗುಂಡಿ ಎದ್ದಿದ್ರ ಒತ್ತಿದ್ರ ಮುಗೀತು. ಆದ್ರ ಅದು ಬಿಸಿ-ತಣ್ಣಗ ಅಂತ ಆಟ ಆಡಂಗಿಲ್ಲ.

ಸೆನ್ಸರ್_ಸಂಶಯ
ಕೋಡ್ ಇಲ್ಲ ಅಂತಿದ್ದಾರಲ್ಲ, ರಿಲೇ ಕೆಟ್ಟಿದ್ದರೆ ಕೋಡ್ ಬರಲೇಬೇಕಲ್ವಾ?

ತಂತಿಮಂಡಲ
ಬರಲೇಬೇಕು ಅಂತಿಲ್ಲ. ಪಿ0230 ಅಂದರೆ ಕಾಯಿಲ್ ಕಡೆಯ ಸರ್ಕ್ಯೂಟ್, ಪಿ0231 ಮತ್ತು ಪಿ0232 ಪಂಪ್ ಕಡೆಯ ವೋಲ್ಟೇಜ್ ಕಮ್ಮಿ, ಜಾಸ್ತಿ. ಪಿ0627 ಬಂದರೂ ಕಂಟ್ರೋಲ್ ಸರ್ಕ್ಯೂಟೇ. 87ರ ಕಡೆಯಿಂದ ಇಸಿಯುಗೆ ಒಂದು ವೈರ್ ವಾಪಸ್ ಹೋಗಿದ್ದರೆ ಮಾತ್ರ ಕಾಂಟ್ಯಾಕ್ಟ್ ಕೂಡಿಲ್ಲ ಅಂತ ಅದಕ್ಕೆ ಗೊತ್ತಾಗೋದು. ಆ ವೈರೇ ಇಲ್ಲದ ಗಾಡಿಗಳು ಬೇಕಾದಷ್ಟಿವೆ. ಅಲ್ಲಿ ಇಸಿಯು ಕಾಯಿಲ್ ಸರಿ ಇದೆ ಅಂತ ನೋಡಿ ನೆಮ್ಮದಿಯಾಗಿರುತ್ತೆ.

ಬೆಸುಗೆಕೋಲು
ಬಿಸಿಗೂ ರಿಲೇಗೂ ಯಾಕೆ ಆಗಿಬರಲ್ಲ ಅನ್ನೋದಕ್ಕೆ ಎರಡು ಕಾರಣ, ಎರಡೂ ಬೇರೆ.

ಒಂದು ಕಾಯಿಲ್‌ನದ್ದು. ತಾಮ್ರದ ಪ್ರತಿರೋಧ ಒಂದು ಡಿಗ್ರಿಗೆ ಸುಮಾರು 0.39% ಏರುತ್ತೆ. 23 ಡಿಗ್ರಿಯಲ್ಲಿ 7.5 ವೋಲ್ಟಿಗೆ ಎಳೆಯೋ ರಿಲೇ, ಎಂಜಿನ್ ಪಕ್ಕದಲ್ಲಿ 85 ಡಿಗ್ರಿಗೆ ಕಾದಾಗ 9.3 ವೋಲ್ಟ್ ಕೇಳುತ್ತೆ. ಬ್ಯಾಟರಿ ಬಡವಾಗಿದ್ದರೆ ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 9ರ ಹತ್ತಿರ ಇಳಿಯುತ್ತೆ. ಅಂದರೆ ಸೆಲ್ಫೂ ತಿರುಗುತ್ತೆ, ರಿಲೇನೂ ಒಳ್ಳೇದೇ, ಆದರೂ ಎಳೆಯಲ್ಲ. ಅಂಥ ಕಡೆ ಬ್ಯಾಟರಿ ನೋಡಬೇಕು.

ಎರಡನೇದು ಬೆಸುಗೆ. ಕೆಲವು ರಿಲೇಗಳ ಒಳಗೆ ಚಿಕ್ಕ ಸರ್ಕ್ಯೂಟ್ ಬೋರ್ಡ್ ಇರುತ್ತೆ. ಬಿಸಿ-ತಣ್ಣಗೆ ಆಗಿ ಆಗಿ ಪಿನ್ನಿನ ಸುತ್ತ ಬೆಸುಗೆ ಬಿರುಕು ಬಿಡುತ್ತೆ. ಭೂತಗನ್ನಡಿಯಲ್ಲಿ ನೋಡಿದರೆ ಪಿನ್ನಿನ ಸುತ್ತ ಕಪ್ಪು ದಾರ ಸುತ್ತಿದ ಹಾಗೆ ಒಂದು ಉಂಗುರ. ಬಿಸಿಗೆ ಹಿಗ್ಗಿದಾಗ ಆ ಉಂಗುರ ಬಾಯಿ ಬಿಡುತ್ತೆ, ತಣ್ಣಗಾದರೆ ಮುಚ್ಚಿಕೊಳ್ಳುತ್ತೆ. 1980–90ರ ದಶಕದ ಹೋಂಡಾಗಳ ಮೇನ್ ರಿಲೇ ಇದಕ್ಕೇ ಹೆಸರುವಾಸಿ. ಬಿಸಿಲಲ್ಲಿ ನಿಲ್ಲಿಸಿದರೆ ಸ್ಟಾರ್ಟ್ ಆಗ್ತಿರಲಿಲ್ಲ, ಕಿಟಕಿ ತೆಗೆದಿಟ್ಟು ಕಾದರೆ ಆಗ್ತಿತ್ತು.

ಚಿಕ್ಕಫ್ಯೂಸ್
ಅಂದರೆ ಮತ್ತೆ ಬೆಸುಗೆ ಹಾಕಿದರೆ ಸರಿ ಹೋಗುತ್ತಾ?

ಬೆಸುಗೆಕೋಲು
ಬಿರುಕು ಮಾತ್ರ ಇದ್ದರೆ ಹೋಗುತ್ತೆ. ಹಳೇ ಬೆಸುಗೆ ಪೂರ್ತಿ ಹೀರಿ ತೆಗೆದು ಫ್ಲಕ್ಸ್ ಹಚ್ಚಿ ಹೊಸದಾಗಿ ಹಾಕಬೇಕು. ಮೇಲೆ ಮೇಲೆ ಕಾಯಿಸಿ ಮೆತ್ತಿದರೆ ತಿಂಗಳೊಳಗೆ ಮತ್ತೆ ಅದೇ ಕಥೆ. ಕಾಂಟ್ಯಾಕ್ಟ್ ಸುಟ್ಟಿದ್ದರೆ ಬೆಸುಗೆಗೆ ಅಲ್ಲಿ ಕೆಲಸವಿಲ್ಲ.

ಪಾನಾ_ಪಕ್ಕಡ
ಕಾಂಟ್ಯಾಕ್ಟ್ ಸುಟ್ಟಿದ್ದರೆ ಎಮರಿ ಪೇಪರ್ ಹಾಕಿ ಉಜ್ಜಿ, ಹೊಸದರಂಗೆ ಆಗುತ್ತೆ.

ಕರಾವಳಿ_ಕರೆಂಟ್
ಅದು ತಲೆನೋವಿಗೆ ಬಾಮ್ ಹಚ್ಚಿದ ಹಾಗೆ. ಕಾಂಟ್ಯಾಕ್ಟಿನ ತುದಿಯಲ್ಲಿ ಬೆಳ್ಳಿ ಮಿಶ್ರಲೋಹದ ತೆಳು ಬಿಲ್ಲೆ ಇರುವುದು. ಎಮರಿ ಉಜ್ಜಿದರೆ ಅದೇ ಮೊದಲು ಹೋಗುತ್ತದೆ, ಗೀರುಗಳ ನಡುವೆ ಎಮರಿಯ ಹರಳು ಕೂಡ ಸಿಕ್ಕಿಕೊಳ್ಳುತ್ತದೆ. ಮೇಲೆ ಒಮ್ಮೆ ಮುಚ್ಚಳ ತೆಗೆದ ರಿಲೇಗೆ ಧೂಳು, ತೇವ ಎಲ್ಲ ಒಳಗೆ ಹೋಗುವುದಕ್ಕೆ ದಾರಿ ಆಯಿತು. ಮನೆಗೆ ಮುಟ್ಟುವವರೆಗೆ ಸರಿ.

ಹಳೇಗಾಡಿ_ಹನುಮ
ಪಾಯಿಂಟ್ ಸೆಟ್ (ಹಳೇ ಇಗ್ನಿಷನ್‌ನ ಕಾಂಟ್ಯಾಕ್ಟ್) ಕಾಲದಲ್ಲಿ ಎಲ್ಲರೂ ಎಮರಿನೇ ಹಾಕ್ತಿದ್ದದ್ದು.

ಕರಾವಳಿ_ಕರೆಂಟ್
ಅದು ಟಂಗ್‌ಸ್ಟನ್ ಹನುಮಣ್ಣ, ಗಟ್ಟಿ. ಬೇರೆ ಜಾತಿ.

ಕೀ_ಆನ್
ಎಲ್ಲರಿಗೂ ಧನ್ಯವಾದ. ಇವತ್ತು ಬಿಸಿ ಮಾಡಿ, ತೊಂದರೆ ಬರಿಸಿ ಅಳೆದದ್ದು ಹೀಗಿದೆ. ಖಾಲಿ ಸಾಕೆಟ್‌ನ 30ರಲ್ಲಿ 12.5, ಟೆಸ್ಟ್ ಲ್ಯಾಂಪ್ ಪ್ರಖರ. 85–86 ನಡುವೆ ಎರಡು ಸೆಕೆಂಡ್ 12.2 ಬಂದು ಹೋಯ್ತು. ಮೀಟರ್ ಮೂಲಕ 30–87 ಕೊಟ್ಟಾಗ ಪಂಪ್ ಓಡಿತು, 8.6 ಆಂಪಿಯರ್. ರಿಲೇ ಎತ್ತಿ ಹಾಕಿ ಅಳೆದಾಗ ಟಕ್ ಅಂತು, ಗುಂಯ್ ಇಲ್ಲ, 30–87 ನಡುವೆ 11.8. ಹಾರ್ನ್ ರಿಲೇ (ಅದೇ ಪಾರ್ಟ್ ನಂಬರ್) ಹಾಕಿದೆ, ತಕ್ಷಣ ಸ್ಟಾರ್ಟ್, ಡ್ರಾಪ್ 0.08.

ಪಾನಾ_ಪಕ್ಕಡ
ನಾನು ಮೊದಲನೇ ರಿಪ್ಲೈನಲ್ಲೇ ಏನು ಹೇಳಿದ್ದು? 😎

ತಂತಿಮಂಡಲ
ಹೇಳಿದ್ದು ಸರಿ, ಆದರೆ ಅಷ್ಟಕ್ಕೇ ಬಿಟ್ಟಿದ್ದರೆ 8.6 ಆಂಪಿಯರ್ ಕಣ್ಣಿಗೆ ಬೀಳ್ತಿರಲಿಲ್ಲ.

@ಕೀ_ಆನ್, ರಿಲೇ ಸತ್ತಿದೆ, ಅದರಲ್ಲಿ ಚರ್ಚೆ ಇಲ್ಲ. ಆದರೆ 30 ಆಂಪಿಯರ್ ರಿಲೇ 8.6ಕ್ಕೆ ಸಾಯಬಾರದಲ್ಲ ಅಂತ ಕೇಳಬೇಡಿ. ಆ 30 ಅನ್ನೋದು ಹೀಟರ್ ಥರದ ಲೋಡಿಗೆ. ಮೋಟಾರು ಹೊರಡುವ ಕ್ಷಣದಲ್ಲಿ ಓಡುವ ಕರೆಂಟಿನ ಹಲವು ಪಟ್ಟು ಎಳೆಯುತ್ತೆ, ಬಿಡುವಾಗ ಕಾಂಟ್ಯಾಕ್ಟ್ ನಡುವೆ ಕಿಡಿ ಎಳೆಯುತ್ತೆ. ಪ್ರತಿ ಸಲ ಕೀ ತಿರುಗಿಸಿದಾಗ ಒಂದೊಂದು ಚುಕ್ಕೆ ಸುಡುತ್ತೆ. ಪಂಪ್ ಬಿಗಿಯಾದಷ್ಟೂ ಚುಕ್ಕೆ ದೊಡ್ಡದು.

ಫಿಲ್ಟರ್ ಬೇರೆಯಾಗಿ ಇದ್ದರೆ ಮೊದಲು ಅದನ್ನ ಬದಲಾಯಿಸಿ ಮತ್ತೆ ಆಂಪಿಯರ್ ನೋಡಿ. ಬಿಚ್ಚೋ ಮುಂಚೆ ಪಂಪ್ ಫ್ಯೂಸ್ ಕಿತ್ತು ಎಂಜಿನ್ ತಾನಾಗೇ ನಿಲ್ಲೋವರೆಗೆ ಓಡಿಸಿ, ಆಮೇಲೆ ಎರಡು ಸಲ ಸೆಲ್ಫ್ ಹೊಡೆಯಿರಿ. ಲೈನಲ್ಲಿ 3–4 ಬಾರ್ ಪ್ರೆಶರ್ ಇರುತ್ತೆ, ಹಾಗೇ ಬಿಚ್ಚಿದರೆ ಪೆಟ್ರೋಲ್ ಮುಖಕ್ಕೆ ಚಿಮ್ಮುತ್ತೆ. ಹೊಸ ಫಿಲ್ಟರ್ ಮೇಲೂ 8 ದಾಟಿದರೆ ಪಂಪು ದಿನ ಎಣಿಸ್ತಿದೆ. ರಿಸರ್ವ್‌ನಲ್ಲೇ ಓಡಿಸೋ ಅಭ್ಯಾಸ ಇದ್ದರೆ ಬಿಡಿ, ಪಂಪಿನ ಮೋಟಾರಿಗೆ ತಂಪು ಕೊಡೋದು ಸುತ್ತಲಿನ ಪೆಟ್ರೋಲೇ.

ಧಾರವಾಡ_ಪೇಢೆ_ಅಲ್ಲ
ಹೊಸಾ ರಿಲೇ ಹಾಕೂ ಮುಂದ ಸಾಕೆಟ್ ನೋಡ್ರಿ. ಕೀ ಬಂದ್ ಮಾಡಿ, ಹಳೇದು ನೆಟ್ಟಗ ಮ್ಯಾಲ ಎಳೀರಿ, ತಿರುವಬ್ಯಾಡ್ರಿ. ಬ್ಲೇಡ್ ನೋಡ್ರಿ, ನಾಕರಾಗ ಒಂದ ನೀಲಿ ಇಲ್ಲಾ ಕಂದು ಆಗಿತ್ತಂದ್ರ ಆ ಪಿನ್ನಿನ ಕ್ಲಿಪ್ ಸಡಿಲ ಆಗಿ ಕಾದೈತಿ ಅಂತ ಅರ್ಥ. ಹಳೇ ರಿಲೇದ್ದು ಒಂದ ಬ್ಲೇಡ್ ಕತ್ತರಿಸಿ, ಬರೇ ಅದನ್ನ ಒಂದೊಂದ ತೂತಿಗೆ ಹಾಕಿ ಎಳದ ನೋಡ್ರಿ. ಎಲ್ಲಾದ್ರಾಗೂ ಒಂದ ನಮೂನಿ ಬಿಗಿ ಇರಬೇಕು. ಯಾವ್ದಾದ್ರಾಗ ಬೆಣ್ಣಿ ಒಳಗಿಂದ ಬಂದಂಗ ಬಂತಂದ್ರ ಆ ಕ್ಲಿಪ್ ಬದಲಿ ಮಾಡ್ರಿ, ಆ ಕೆಲಸಕ್ಕ ಬ್ಯಾಟರಿ ಮೈನಸ್ ತಗೀಬೇಕು. ಹಸರು ಕಿಲುಬು ಹಿಡದಿದ್ರ ಕಾಂಟ್ಯಾಕ್ಟ್ ಕ್ಲೀನರ್ ಹೊಡೀರಿ.

ಚಿಕ್ಕಫ್ಯೂಸ್
ಇನ್ನೂ ದೊಡ್ಡ ರಿಲೇ, 70 ಆಂಪಿಯರ್‌ದು ಹಾಕಿದರೆ? ಫ್ಯೂಸೂ 25 ಮಾಡಿದರೆ ಮುಗೀತಲ್ಲ?

ಬೆಸುಗೆಕೋಲು
70ರ ರಿಲೇಯ ಬ್ಲೇಡ್ ಸಾಮಾನ್ಯವಾಗಿ 9.5 ಮಿಲಿಮೀಟರ್ ಅಗಲ, ನಿಮ್ಮ 6.3ರ ಸಾಕೆಟ್‌ಗೆ ಹೋಗಲ್ಲ. ಫ್ಯೂಸ್ ಮುಟ್ಟಲೇಬೇಡಿ. ಫ್ಯೂಸ್ ಇರೋದು ಪಂಪ್ ಕಾಪಾಡೋಕಲ್ಲ, ವೈರ್ ಕಾಪಾಡೋಕೆ. ಆ ವೈರ್ ಹೋಗೋದು ಪೆಟ್ರೋಲ್ ಟ್ಯಾಂಕ್ ಕಡೆಗೆ.

ಸೆನ್ಸರ್_ಸಂಶಯ
ಈಗಿನ ಗಾಡಿಗಳಲ್ಲಿ ಇದ್ಯಾವುದೂ ನಡೆಯಲ್ಲ ಅಂತ ಬರೆದಿಡಿ. ಪಂಪಿಗೆ ಪ್ರತ್ಯೇಕ ಕಂಟ್ರೋಲ್ ಮಾಡ್ಯೂಲ್, ಪಲ್ಸ್ ಕೊಟ್ಟು ವೇಗ ಬದಲಾಯಿಸುತ್ತೆ. ರಿಲೇ ಇದ್ದರೂ ಅದು ಮಾಡ್ಯೂಲ್‌ಗೆ ಕರೆಂಟ್ ಕೊಡೋದಷ್ಟೇ. 30–87 ಸೇರಿಸಿದರೂ ಪಂಪ್ ಓಡಲ್ಲ, ಪಂಪ್ ಕೆಟ್ಟಿದೆ ಅಂದ್ಕೊಂಡುಬಿಡ್ತಾರೆ. ಕೆಲವದರಲ್ಲಿ ರಿಲೇನ ಫ್ಯೂಸ್ ಬಾಕ್ಸಿನ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ, ಕೀಳೋಕೇ ಬರಲ್ಲ.

ತಂತಿಮಂಡಲ
ಇದು ಒಪ್ಪೋ ಮಾತು. ಅಮೆರಿಕದಲ್ಲಿ 2011ರ ಮಾಡೆಲ್ ಜೀಪ್ ಗ್ರ್ಯಾಂಡ್ ಚೆರೋಕಿ, ಡಾಡ್ಜ್ ಡುರಾಂಗೊ ಗಾಡಿಗಳನ್ನ 2014ರಲ್ಲಿ ವಾಪಸ್ ಕರೆಸಿದ್ದು ಇದೇ ಕಾರಣಕ್ಕೆ. ಪವರ್ ಮಾಡ್ಯೂಲ್ ಒಳಗೇ ಕೂತಿದ್ದ ಪಂಪ್ ರಿಲೇ ಕೈಕೊಡ್ತಿತ್ತು. ಪರಿಹಾರ ಏನು ಗೊತ್ತಾ? ಹೊರಗೆ ಒಂದು ಬೇರೆ ರಿಲೇ ಹಾಕಿಕೊಟ್ಟದ್ದು.

ಹಳೇಗಾಡಿ_ಹನುಮ
ಸುತ್ತಿ ಸುತ್ತಿ ಹಳೇ ದಾರಿಗೇ ಬಂದರಲ್ಲ.

ಕೀ_ಆನ್
ಹೊಸ ರಿಲೇ ಹಾಕಾಯ್ತು, ಹಾರ್ನ್ ರಿಲೇ ವಾಪಸ್ ಅದರ ಜಾಗಕ್ಕೆ. ಫಿಲ್ಟರ್ ಬದಲಾಯಿಸಿದ ಮೇಲೆ 6.4 ಆಂಪಿಯರ್. ಬಿಸಿ ಇದ್ದಾಗ ಐದು ಸಲ ನಿಲ್ಲಿಸಿ ಹಾಕಿದೆ, ಐದೂ ಸಲ ಗುಂಯ್. 87ರ ಬ್ಲೇಡ್ ಸ್ವಲ್ಪ ಕಂದು ಇತ್ತು, ಕ್ಲಿಪ್ ಮಾತ್ರ ಬಿಗಿ ಇದೆ.

ಹಳೇ ರಿಲೇ ಮುಚ್ಚಳದ ಸುತ್ತ ಕತ್ತರಿಸೋ ಬ್ಲೇಡ್ ಆಡಿಸಿ ತೆಗೆದು ನೋಡಿದೆ. ಬೆಸುಗೆ ಸರಿ ಇದೆ. ಎಳೆಯೋ ಪಟ್ಟಿಯ ತುದೀಲಿ ಸಾಸಿವೆ ಕಾಳಿನಷ್ಟು ಬಿಲ್ಲೆ, ನಡುವೆ ಗುಳಿ ಬಿದ್ದಿದೆ. ಎದುರಿನ ಬಿಲ್ಲೆ ಮೇಲೆ ಅದೇ ಅಳತೆಯ ಉಬ್ಬು ಎದ್ದಿದೆ. ಸುತ್ತ ಮಸಿ. ಮುಚ್ಚಳದ ಒಳಮೈಯಲ್ಲೂ ಆ ಭಾಗದಲ್ಲಿ ಮಾತ್ರ ಪ್ಲಾಸ್ಟಿಕ್ ಹಳದಿ ತಿರುಗಿದೆ.

ಬೆಸುಗೆಕೋಲು
ಗುಳಿ ಒಂದು ಕಡೆ, ಉಬ್ಬು ಇನ್ನೊಂದು ಕಡೆ. ಡಿಸಿ ಕಿಡಿ ಯಾವಾಗಲೂ ಒಂದೇ ದಿಕ್ಕಿಗೆ ಹಾರಿ ಲೋಹವನ್ನ ಆ ಕಡೆಯಿಂದ ಈ ಕಡೆಗೆ ಹೊತ್ತು ಹಾಕುತ್ತೆ. ಇನ್ನಷ್ಟು ದಿನ ಬಿಟ್ಟಿದ್ದರೆ ಉಬ್ಬು ಗುಳಿಯಲ್ಲಿ ಸಿಕ್ಕಿ ಅಂಟಿಕೊಳ್ಳೋ ಸಾಧ್ಯತೆನೂ ಇತ್ತು. ಆಗ ಉಲ್ಟಾ ಕಂಪ್ಲೇಂಟ್: ಕೀ ತೆಗೆದರೂ ಪಂಪ್ ನಿಲ್ಲಲ್ಲ, ಬೆಳಿಗ್ಗೆ ಬ್ಯಾಟರಿ ಖಾಲಿ.

ಚಿಕ್ಕಫ್ಯೂಸ್
ಹಳೇ ರಿಲೇಯ ಬ್ಲೇಡುಗಳನ್ನ ಬಿಸಾಡಬೇಡಿ, ಸಾಕೆಟ್ ಬಿಗಿ ನೋಡೋಕೆ ಬೇಕಾಗುತ್ತೆ ಅಂದ್ರಲ್ಲ.

ಪಾನಾ_ಪಕ್ಕಡ
ಮತ್ತೆ ಹಾರ್ನ್ ಹೊಡೀತಿದ್ಯಾ ಚೆಕ್ ಮಾಡಿದ್ರಾ?

ಕೀ_ಆನ್
ಹೊಡೀತಿದೆ. ಪಕ್ಕದ ಮನೆಯವರು ಬೈದರು.